ದಾಲ್ಚಿನ್ನಿಯ ಸುರುಳಿ

ಕನ್ನಡ ಮನೆಗಳ ಅಡಿಗೆಯ ಕೋಣೆಯಲ್ಲಿ ದಾಲ್ಚಿನ್ನಿಗೆ ದೊರೆತಿರುವ ಸ್ಥಾನವು ಹಿಂದಿನ ಸಾಲಿನದು. ಸಾಸಿವೆ, ಜೀರಿಗೆ, ಮೆಂತ್ಯಗಳು ದಿನಕ್ಕೆ ಎರಡು ಸಲ ಕೈಗೆ ಬರುವಂತಹವು. ಅವು ಒಗ್ಗರಣೆಯ ಡಬ್ಬಿಯಲ್ಲಿ ಎದುರಿಗೇ ಕುಳಿತಿರುತ್ತವೆ. ದಾಲ್ಚಿನ್ನಿಯಾದರೋ ಲವಂಗ ಮೊಗ್ಗುಗಳೊಡನೆ ಒಂದು ಸಣ್ಣ ಭರಣಿಯಲ್ಲಿ ಅಡಗಿದ್ದು, ಮಸಾಲೆಯ ಪುಡಿಯನ್ನು ಕುಟ್ಟುವ ದಿನವೋ, ಮನೆಯಲ್ಲಿ ಯಾರಿಗಾದರೂ ನೆಗಡಿಯಾಗಿ ಕಷಾಯವನ್ನು ಕಾಸುವ ದಿನವೋ ಹೊರಕ್ಕೆ ಬರುತ್ತದೆ. ಸಿಹಿಯ ಪದಾರ್ಥಗಳಲ್ಲಿ ಅದಕ್ಕೆ ಪ್ರವೇಶವಿಲ್ಲವೆಂದೇ ಹೇಳಬಹುದು. ಆ ಅಧಿಕಾರವು ಏಲಕ್ಕಿಯದು. ಏಲಕ್ಕಿಯ ಬೆನ್ನಿಗೆ ಜಾಜಿಕಾಯಿ, ಕೇಸರಿ, ಪಚ್ಚಕರ್ಪೂರಗಳದು. ಹೋಳಿಗೆಯ ಹೂರಣಕ್ಕೆ ದಾಲ್ಚಿನ್ನಿಯ ಪುಡಿಯನ್ನು ಹಾಕಿದರೆಂದು ಕೇಳಿದರೆ ಹಳೆಯ ಕಾಲದ ಗೃಹಿಣಿಯರು ನಕ್ಕುಬಿಡುವರು.

ಉತ್ತರ ಯೂರೋಪಿನ ಸ್ವೀಡನ್ ದೇಶದಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಅಲ್ಲಿಯ ಜನರಿಗೆ ದಾಲ್ಚಿನ್ನಿಯೆಂದರೆ ಮೊದಲು ನೆನಪಾಗುವುದು ಸಿಹಿ. ಮೈದಾ ಹಿಟ್ಟನ್ನು ಹುದುಗಿಸಿ, ಲಟ್ಟಿಸಿ, ಅದರ ಮೇಲೆ ಬೆಣ್ಣೆ ಸಕ್ಕರೆ ದಾಲ್ಚಿನ್ನಿಗಳನ್ನು ಸವರಿ, ಸುರುಳಿ ಸುತ್ತಿ, ಬಿಲ್ಲೆಗಳಾಗಿ ಕತ್ತರಿಸಿ, ಕಾವಿನ ಪೆಟ್ಟಿಗೆಯಲ್ಲಿ ಬೇಯಿಸಿದ ರೊಟ್ಟಿಗೆ ಅವರು 'ಕನೇಲ್‌ಬುಲ್ಲೆ' ಎನ್ನುತ್ತಾರೆ. ಕನೇಲ್ ಎಂದರೆ ದಾಲ್ಚಿನ್ನಿ, ಬುಲ್ಲೆ ಎಂದರೆ ಬನ್ನು. ಇದು ರಾಜಭೋಜನದ ಭಕ್ಷ್ಯವಲ್ಲ. ಮಕ್ಕಳು ಶಾಲೆಯಿಂದ ಬಂದಾಗ, ನೆಂಟರು ಬಾಗಿಲು ತಟ್ಟಿದಾಗ, ಭಾನುವಾರದ ಮಧ್ಯಾಹ್ನದ ಕಾಫಿಯ ಹೊತ್ತಿನಲ್ಲಿ ತಟ್ಟೆಯಲ್ಲಿ ಕಾಣಿಸಿಕೊಳ್ಳುವ ಸಾಮಾನ್ಯವಾದ ತಿಂಡಿ. ಆದರೆ ಅದು ಬೇಯುತ್ತಿರುವಾಗ ಮನೆಯಲ್ಲೆಲ್ಲ ಹಬ್ಬುವ ಪರಿಮಳವಿದೆಯಲ್ಲ, ಅದನ್ನು ಆ ದೇಶದಲ್ಲಿ ಹುಟ್ಟಿದವರು ಮುದುಕರಾದರೂ ಮರೆಯುವುದಿಲ್ಲವೆಂದು ಹೇಳುತ್ತಾರೆ. ಯುಗಾದಿಯ ಬೆಳಿಗ್ಗೆ ಹೂರಣಕ್ಕೆ ಬೇಳೆ ಬೇಯುವ ವಾಸನೆಯನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಈ ತೊಗಟೆಯು ಅಷ್ಟು ದೂರದ ಶೀತದೇಶದ ಬಡವರ ಮನೆಯವರೆಗೆ ಹೋಗಿ ಮುಟ್ಟಿದುದು ಒಂದು ದೀರ್ಘವಾದ ಕಥೆ. ಸಂಸ್ಕೃತದಲ್ಲಿ ಇದಕ್ಕೆ 'ತ್ವಕ್' ಎಂದು ಹೆಸರು. ಎಂದರೆ ಚರ್ಮ, ತೊಗಟೆ. ಪಾರಸಿಕರು 'ದಾರ್‌ಚೀನೀ', ಚೀನದ ಕಟ್ಟಿಗೆ, ಎಂದು ಕರೆದರು. ಕನ್ನಡದ ದಾಲ್ಚಿನ್ನಿಯು ಆ ಮಾತಿನ ಮೊಮ್ಮಗಳು. ಸ್ವೀಡಿಷರ ಕನೇಲ್ ಎಂಬುದು ಫ್ರೆಂಚರ ಮನೆಯನ್ನು ಹಾದು ಲ್ಯಾಟಿನಿನಿಂದ ಬಂದುದು. ಅದರ ಅರ್ಥ ಸಣ್ಣ ಕೊಳವೆ. ಒಬ್ಬರು ಅದರ ಹುಟ್ಟನ್ನೂ, ಒಬ್ಬರು ಅದು ಬಂದ ದಾರಿಯನ್ನೂ, ಒಬ್ಬರು ಅದರ ಆಕಾರವನ್ನೂ ಹಿಡಿದು ಹೆಸರಿಟ್ಟಂತಾಯಿತು. ಇದು ಬೆಳೆಯುವ ನಾಡನ್ನು ಕಾಣದ ಪ್ರಾಚೀನ ಗ್ರೀಕರಲ್ಲಿ ವಿಚಿತ್ರವಾದ ಕಥೆಗಳು ಹುಟ್ಟಿದ್ದವು. ಕ್ರಿ. ಪೂ. 5ನೆಯ ಶತಮಾನದ ಇತಿಹಾಸಕಾರನಾದ ಹೆರೊಡೋಟಸನು ಅಂತಹ ಒಂದನ್ನು ಬರೆದಿಟ್ಟಿದ್ದಾನೆ: ಅರೇಬಿಯದ ಕಡಿದಾದ ಬೆಟ್ಟಗಳಲ್ಲಿ ದೊಡ್ಡ ಹಕ್ಕಿಗಳು ದಾಲ್ಚಿನ್ನಿಯ ಕಡ್ಡಿಗಳಿಂದ ಗೂಡು ಕಟ್ಟುತ್ತವೆ, ಜನರು ಕೆಳಗೆ ಮಾಂಸದ ದೊಡ್ಡ ತುಂಡುಗಳನ್ನು ಇಟ್ಟು ಮರೆಯಾಗುತ್ತಾರೆ, ಹಕ್ಕಿಗಳು ಆ ಭಾರವನ್ನು ಗೂಡಿಗೆ ಒಯ್ದಾಗ ಗೂಡು ಕುಸಿದು ಕಡ್ಡಿಗಳು ನೆಲಕ್ಕೆ ಬೀಳುತ್ತವೆ. ಇಂತಹ ಕಥೆಗಳು ಹರಡಿದಷ್ಟೂ ವಸ್ತುವಿನ ಬೆಲೆಯೇರುವುದೆಂಬುದನ್ನು ವರ್ತಕರು ಅರಿಯದವರಲ್ಲ.

ನಿಜವಾದ ದಾಲ್ಚಿನ್ನಿಯ ತವರು ಸಿಂಹಳ ದ್ವೀಪ. ಅಲ್ಲಿ ಗಿಡವನ್ನು ಮರವಾಗಲು ಬಿಡದೆ ಬುಡದವರೆಗೆ ಕಡಿಯುತ್ತಾರೆ. ಬುಡದಿಂದ ಚಿಗುರಿದ ನೀಳವಾದ ಕೊಂಬೆಗಳು ಸುಮಾರು ಎರಡು ವರ್ಷಕ್ಕೆ ಕೊಯ್ಲಿಗೆ ಬರುತ್ತವೆ. ಹೊರಗಿನ ಒರಟು ಸಿಪ್ಪೆಯನ್ನು ಕೆರೆದು ತೆಗೆದು, ಹಿತ್ತಾಳೆಯ ಸಲಾಕೆಯಿಂದ ಉಜ್ಜಿ, ಒಳದೊಗಟೆಯನ್ನು ಹರಿಯದಂತೆ ಬಿಡಿಸಿ, ಒಂದರೊಳಗೊಂದನ್ನು ಸೇರಿಸಿ ನೆರಳಿನಲ್ಲಿ ಒಣಗಿಸಿದರೆ ಕಾಗದದಷ್ಟು ತೆಳುವಾದ ಪದರಗಳ ಕೊಳವೆಯಾಗುತ್ತದೆ. ಈ ಕೈಚಳಕವು ಸಲಾಗಮರೆಂಬ ಜನಾಂಗದವರಿಗೆ ತಲೆತಲಾಂತರದಿಂದ ಬಂದುದು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ದ್ವೀಪದ ಕರಾವಳಿಯನ್ನು ಹಿಡಿದರು. ಡಚ್ಚರು 1656ರಲ್ಲಿ ಕೊಲಂಬೊವನ್ನು ಕಿತ್ತುಕೊಂಡು, 1658ರ ಹೊತ್ತಿಗೆ ಪೋರ್ಚುಗೀಸರನ್ನು ದ್ವೀಪದಿಂದ ಹೊರದೂಡಿದರು. ಡಚ್ಚರ ಆಳ್ವಿಕೆಯಲ್ಲಿ ಅಪ್ಪಣೆಯಿಲ್ಲದೆ ದಾಲ್ಚಿನ್ನಿಯನ್ನು ಮಾರಿದವರಿಗೆ ಮರಣದಂಡನೆಯವರೆಗೂ ಶಿಕ್ಷೆಯಿತ್ತು. 1796ರಲ್ಲಿ ದ್ವೀಪವು ಬ್ರಿಟಿಷರ ವಶವಾಯಿತು. 1833ರವರೆಗೂ ಈ ವ್ಯಾಪಾರವು ಸರಕಾರದ ಏಕಸ್ವಾಮ್ಯವಾಗಿಯೇ ಉಳಿಯಿತು. ಅದೇ ಕಾಲದಲ್ಲಿ, 18ನೆಯ ಶತಮಾನವು ಮುಗಿಯುತ್ತಿದ್ದಾಗ, ಈಸ್ಟ್ ಇಂಡಿಯಾ ಕಂಪನಿಯವರು ಕಣ್ಣೂರಿನ ಬಳಿಯ ಅಂಜರಕಂಡಿಯಲ್ಲಿ ದಾಲ್ಚಿನ್ನಿಯ ತೋಟವನ್ನು ಹಾಕಿದರು. ಒಂದು ತೊಗಟೆಗಾಗಿ ಎಷ್ಟು ಹಡಗುಗಳು, ಎಷ್ಟು ಕೋಟೆಗಳು! ಇಂದು ಅದೇ ತೊಗಟೆಯ ಪುಡಿಯು ಒಂದು ಮಗುವಿನ ಬೆರಳಿಗೆ ಮೆತ್ತಿಕೊಂಡು, ಬಾಯಿಗೆ ಹೋಗುತ್ತದೆ.

ಅಂಗಡಿಗಳಲ್ಲಿ ದಾಲ್ಚಿನ್ನಿಯೆಂಬ ಒಂದೇ ಹೆಸರಿನಿಂದ ಮಾರುವ ತೊಗಟೆಗಳು ಎರಡು ಬಗೆ. ಸಿಂಹಳದ್ದು ತೆಳುವಾದ ಪದರಗಳುಳ್ಳದ್ದು, ಬೆರಳಿನಿಂದ ಹಿಸುಕಿದರೆ ಪುಡಿಯಾಗುವಂತಹದು, ಸೌಮ್ಯವಾದ ಸುವಾಸನೆಯುಳ್ಳದ್ದು. ಚೀನ, ವಿಯೆಟ್ನಾಮ್, ಇಂಡೊನೇಷ್ಯಗಳಿಂದ ಬರುವ ಕ್ಯಾಸಿಯವು ದಪ್ಪವಾದ ಒಂಟಿ ತೊಗಟೆ, ಖಾರ ಹೆಚ್ಚು, ಕ್ರಯ ಕಡಮೆ. ಭಾರತದ ಅಂಗಡಿಗಳಲ್ಲಿ ಬಹುಮಟ್ಟಿಗೆ ದೊರೆಯುವುದು ಈ ಎರಡನೆಯದೇ. ಕ್ಯಾಸಿಯದಲ್ಲಿ ಕೂಮರಿನ್ ಎಂಬ ದ್ರವ್ಯವು ಹೆಚ್ಚಾಗಿರುವುದರಿಂದ, ಅದನ್ನು ಬಹುಕಾಲ ಮಿತಿಮೀರಿ ತಿಂದರೆ ಪಿತ್ತಜನಕಾಂಗಕ್ಕೆ ತೊಂದರೆಯಾಗಬಹುದು. ಇದನ್ನು ಮನಗಂಡು ಯೂರೋಪಿಯನ್ ಒಕ್ಕೂಟವು 2008ರಲ್ಲಿ ಒಂದು ಕಟ್ಟಳೆಯನ್ನು ಮಾಡಿತು. ಸಾಮಾನ್ಯವಾದ ಸಿಹಿರೊಟ್ಟಿಗಳಲ್ಲಿ ಕಿಲೋಗ್ರಾಮಿಗೆ 15 ಮಿಲಿಗ್ರಾಮಿಗಿಂತ ಹೆಚ್ಚು ಕೂಮರಿನ್ ಇರಕೂಡದು. ದಾಲ್ಚಿನ್ನಿಯ ಹೆಸರನ್ನು ಹೊತ್ತ ಸಾಂಪ್ರದಾಯಿಕ ಅಥವಾ ಹಬ್ಬದ ಕಾಲದ ತಿನಿಸುಗಳಲ್ಲಿ 50 ಮಿಲಿಗ್ರಾಮಿನವರೆಗೆ ಇರಬಹುದು. ಪ್ರತಿದಿನದ ಊಟವೇ ಬೇರೆ, ಹಬ್ಬದ ಎಲೆಯೇ ಬೇರೆ ಎಂಬ ಮನೆಯ ಹಿರಿಯರ ವಿವೇಕವನ್ನು ಶಾಸನವೂ ಒಪ್ಪಿಕೊಂಡಿರುವುದು ಸ್ವಾರಸ್ಯವಾಗಿದೆ.

ಸ್ವೀಡನ್ನಿನ ದಾಲ್ಚಿನ್ನಿಯ ಬನ್ನು ಬಹಳ ಪುರಾತನವಾದುದೆಂದು ತಿಳಿಯುವ ಕಾರಣವಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಆ ದೇಶವು ಕಾದದಿದ್ದರೂ ಪಡಿತರದ ಕಷ್ಟವನ್ನು ಅನುಭವಿಸಿತು. ಯುದ್ಧವು ಮುಗಿದು, ಸಕ್ಕರೆ, ಬೆಣ್ಣೆ, ಸಂಬಾರ ಪದಾರ್ಥಗಳು ಪುನಃ ಕೈಗೆಟುಕತೊಡಗಿದ 1920ರ ದಶಕದಲ್ಲಿ ಈ ಬನ್ನು ಕಾಣಿಸಿಕೊಂಡಿತು. ಎಲ್ಲ ಮನೆಗಳ ಒಲೆಗೂ ಬರಲು ಇನ್ನೂ ಎರಡು ಮೂರು ದಶಕಗಳು ಹಿಡಿದವು. ಬಹುದಿನ ಇಲ್ಲದ್ದು ಬಂದಾಗ ಜನರು ಅದನ್ನು ಸುರುಳಿ ಸುತ್ತಿ ಒಳಗಿಟ್ಟುಕೊಂಡರೆಂದು ಹೇಳಿದರೆ ತಪ್ಪಾಗಲಾರದು. ಅಲ್ಲಿಯ ಜನರಿಗೆ ಕಾಫಿಯೊಡನೆ ಕುಳಿತು ಮಾತನಾಡುವ 'ಫೀಕ' ಎಂಬ ಪದ್ಧತಿಯೊಂದಿದೆ. ಕಾಫಿಗೆ ಹಿಂದೆ ಇದ್ದ 'ಕಫೀ' ಎಂಬ ರೂಪದ ಅಕ್ಷರಗಳನ್ನು ಹಿಂದುಮುಂದು ಮಾಡಿ ಹುಟ್ಟಿದ ಮಾತು ಅದು. ಕಾಫಿಯನ್ನು ಅಲ್ಲಿಯ ಸರಕಾರವು 1756ರಿಂದ ಮೊದಲುಮಾಡಿ ಹಲವು ಸಲ ನಿಷೇಧಿಸಿತ್ತು, ಜನರು ಬಿಡಲಿಲ್ಲ. ಕಾಫಿಯ ಲೋಟವನ್ನು ಮುಂದಿಟ್ಟುಕೊಂಡು ಅರ್ಧ ಗಂಟೆ ಹರಟುವುದನ್ನು ಯಾವ ಅರಸನೂ ನಿಲ್ಲಿಸಲಾರನೆಂಬುದು ಮೈಸೂರಿನವರಿಗೂ ಮಲೆನಾಡಿನವರಿಗೂ ತಿಳಿದ ಸಂಗತಿಯೇ.

1999ರಿಂದ ಅಲ್ಲಿ ಅಕ್ಟೋಬರ್ 4ನೆಯ ದಿನವನ್ನು ದಾಲ್ಚಿನ್ನಿಯ ಬನ್ನಿನ ದಿನವೆಂದು ಆಚರಿಸುತ್ತಿದ್ದಾರೆ. ಇದನ್ನು ಆರಂಭಿಸಿದವರು ಮನೆಯ ಬೇಕರಿಯನ್ನು ಪ್ರೋತ್ಸಾಹಿಸುವ ಒಂದು ಮಂಡಲಿಯಲ್ಲಿ ಕೆಲಸ ಮಾಡುತ್ತಿದ್ದ ಕೇತ್ ಗಾರ್ಡೆಸ್ಟೆಟ್ ಎಂಬ ಮಹಿಳೆ. ಆ ಮಂಡಲಿಗೆ ಆಗ ನಲ್ವತ್ತು ವರ್ಷ ತುಂಬಿತ್ತು. ಹಿಟ್ಟು, ಸಕ್ಕರೆ, ಹುದುಗು, ಮಾರ್ಗರಿನ್‌ಗಳನ್ನು ತಯಾರಿಸುವ ವ್ಯಾಪಾರಸ್ಥರೇ ಕೂಡಿ ಕಟ್ಟಿದ ಮಂಡಲಿ ಅದು. ಮನೆಯಲ್ಲಿ ಮಾಡಿದುದನ್ನು ಹೊಗಳುವ ದಿನವೊಂದನ್ನು ಹಿಟ್ಟು ಮಾರುವವರು ಗೊತ್ತುಮಾಡಿದರಲ್ಲ ಎಂದು ಯಾರಾದರೂ ನಕ್ಕರೆ ಅವರನ್ನು ಆಕ್ಷೇಪಿಸುವಂತಿಲ್ಲ. ಇಂದು ಆ ದಿನ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಹಂಚುವ ಬನ್ನುಗಳಲ್ಲಿ ಅಂಗಡಿಯಿಂದ ತಂದವು ಬೇಕಾದಷ್ಟಿವೆ. ಆದರೂ ವ್ಯಾಪಾರದಿಂದ ಹುಟ್ಟಿದ ಒಂದು ನೆಪವನ್ನು ಮನೆಗಳು ತಮ್ಮದನ್ನಾಗಿ ಮಾಡಿಕೊಳ್ಳಬಲ್ಲವು. ಬೇಕಾದುದು ನೆಪ, ಅದನ್ನು ಯಾರು ಒದಗಿಸಿದರೆಂಬುದನ್ನು ಮಕ್ಕಳು ಕೇಳುವುದಿಲ್ಲ.

ಮಾಡುವ ಕ್ರಮವು ಸುಲಭ. ಒಂದು ಸಣ್ಣ ಸಂಸಾರಕ್ಕೆ ಇಪ್ಪತ್ತು ಬನ್ನುಗಳು ಸಾಕಾಗುವುದರಿಂದ, ಕಾಲು ಲೀಟರ್ ಹಾಲು, 75 ಗ್ರಾಮ್ ಬೆಣ್ಣೆ, 25 ಗ್ರಾಮ್ ಹಸಿಯ ಯೀಸ್ಟು, ಐದಾರು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಒಂದು ಚಮಚ ಏಲಕ್ಕಿ, ಹದ ನೋಡಿಕೊಂಡು ನಾನೂರು ಗ್ರಾಮಿಗೆ ಮೇಲ್ಪಟ್ಟು ಮೈದಾ ಹಿಟ್ಟು ಬೇಕು. ಬೆಣ್ಣೆಯನ್ನು ಕರಗಿಸಿ ಹಾಲು ಬೆರೆಸಿ, ಬೆರಳಿಗೆ ಹಿತವಾಗುವಷ್ಟು, ಎಂದರೆ ಸುಮಾರು 37 ಡಿಗ್ರಿಯಷ್ಟು, ಬೆಚ್ಚಗಿರುವಾಗ ಯೀಸ್ಟನ್ನು ಕದಡುತ್ತಾರೆ. ಹಾಲು ತಣ್ಣಗಿದ್ದರೆ ಹುದುಗು ಏಳುವುದು ಬಹಳ ನಿಧಾನವಾಗುತ್ತದೆ. ಸುಡುತ್ತಿದ್ದರೆ ಸತ್ತೇ ಹೋಗುತ್ತದೆ. ಸ್ವೀಡಿಷ್ ಭಾಷೆಯಲ್ಲಿ ಈ ಹದಕ್ಕೆ 'ಬೆರಳು ಬೆಚ್ಚಗೆ' ಎಂಬ ಒಂದು ಪದವೇ ಇದೆ. ಮೊಸರಿಗೆ ಹೆಪ್ಪು ಹಾಕುವ ಮುನ್ನ ಕಿರುಬೆರಳನ್ನು ಅದ್ದಿ ನೋಡುವ ಕೈಗಳಿಗೆ ಉಷ್ಣಮಾಪಕದ ಅವಶ್ಯಕತೆಯಿಲ್ಲ. ಹಿಟ್ಟನ್ನು ಚೆನ್ನಾಗಿ ನಾದಿ, ಬಟ್ಟೆ ಮುಚ್ಚಿ ಅರ್ಧ ಗಂಟೆಯ ಮೇಲೆ ಬಿಟ್ಟರೆ ಕಣಕವು ಉಬ್ಬುತ್ತದೆ. ಆಮೇಲೆ ಅದನ್ನು ಚೌಕವಾಗಿ ಲಟ್ಟಿಸಿ, ಮೆತ್ತಗಿನ ಬೆಣ್ಣೆಯನ್ನು ಸವರಿ, ಸಕ್ಕರೆಯನ್ನೂ ಒಂದು ದೊಡ್ಡ ಚಮಚ ದಾಲ್ಚಿನ್ನಿಯ ಪುಡಿಯನ್ನೂ ಉದುರಿಸಿ, ಚಾಪೆಯಂತೆ ಸುತ್ತಬೇಕು.

ದಾಲ್ಚಿನ್ನಿಯನ್ನು ಕಣಕದಲ್ಲಿಯೇ ಏಕೆ ಬೆರೆಸಬಾರದೆಂದು ಕೇಳುವವರುಂಟು. ಅದರ ಸುವಾಸನೆಗೆ ಕಾರಣವಾದ ಎಣ್ಣೆಯ ಅಂಶವೇ ಹುದುಗನ್ನು ಮಂದಗೊಳಿಸುತ್ತದೆ. ಆದಕಾರಣ ಅದನ್ನು ಪದರದ ನಡುವೆ ಬೇರೆಯಾಗಿ ಇಡುವುದು ಲೇಸು. ಏಲಕ್ಕಿಗೆ ಆ ಗುಣವು ಅಷ್ಟಿಲ್ಲದ ಕಾರಣ ಹಿಟ್ಟಿನೊಡನೆ ಸೇರಿ ನಡೆಯುತ್ತದೆ. ಕತ್ತರಿಸಿದ ಬಿಲ್ಲೆಗಳನ್ನು ಇನ್ನೊಮ್ಮೆ ಉಬ್ಬಲು ಬಿಟ್ಟು, ಮೇಲೆ ಹೊಳಪಿಗಾಗಿ ಕಡೆದ ಮೊಟ್ಟೆಯನ್ನು ಸವರಿ, ಕರಗದ ಬಿಳಿಯ ಸಕ್ಕರೆಯ ಹರಳುಗಳನ್ನು ಚೆಲ್ಲಿ, 225 ಡಿಗ್ರಿಯ ಕಾವಿನಲ್ಲಿ ಎಂಟು ಹತ್ತು ನಿಮಿಷ ಇಟ್ಟರೆ ಆಯಿತು. ಹೊರತೆಗೆದ ಕೂಡಲೆ ಬಟ್ಟೆ ಮುಚ್ಚಿಡುತ್ತಾರೆ. ಬಿಸಿಯ ಹಬೆಯು ಒಳಗೇ ತಿರುಗಿ ಬನ್ನು ಮೆದುವಾಗಿ ಉಳಿಯುತ್ತದೆ. ಮುಖ್ಯವಾದ ಕಣಕದಲ್ಲಿ ಮೊಟ್ಟೆಯಿರುವುದಿಲ್ಲ, ಮೇಲಿನ ಹೊಳಪಿನಲ್ಲಿ ಮಾತ್ರವೇ ಇರುತ್ತದೆ ಎಂಬ ಈ ಸಣ್ಣ ವಿವರವು ಒಂದು ಕನ್ನಡ ಸಂಸಾರದಲ್ಲಿ ದೊಡ್ಡ ವಿಷಯವಾಯಿತು.

ಹಾವೇರಿಯ ಕಡೆಯ ಒಬ್ಬ ವೃದ್ಧೆಯು 2024ರ ಆಗಸ್ಟ್ ಕೊನೆಯಲ್ಲಿ ಸ್ಟಾಕ್‌ಹೋಮಿನಲ್ಲಿ ಉದ್ಯೋಗದಲ್ಲಿದ್ದ ಮಗ ಸೊಸೆಯರ ಮನೆಗೆ ಹೋದರು. ಮೂರು ತಿಂಗಳು ತುಂಬುವುದರೊಳಗೆ ಹಿಂದಿರುಗಬೇಕಾಗಿತ್ತು. ಮೊಮ್ಮಗಳಿಗೆ ಏಳು ವರ್ಷ. ಆಕೆಗೆ ಕನ್ನಡವು ಕಿವಿಗೆ ತಿಳಿಯುತ್ತಿತ್ತೇ ಹೊರತು ನಾಲಗೆಗೆ ಬರುತ್ತಿರಲಿಲ್ಲ. ಅಜ್ಜಿ ಕೇಳಿದುದಕ್ಕೆ ಸ್ವೀಡಿಷಿನಲ್ಲಿ ಉತ್ತರ ಕೊಡುವಳು. ತಾಯಿಯು ನಡುವೆ ನಿಂತು ಎರಡೂ ಕಡೆಗೆ ಅರ್ಥ ಹೇಳಬೇಕಾಗುತ್ತಿತ್ತು. ಬಂದ ಎರಡನೆಯ ವಾರದಲ್ಲಿ ಎಲ್ಲರೂ ಒಂದು ಕಾಫಿಯ ಅಂಗಡಿಯಲ್ಲಿ ಕುಳಿತಿದ್ದಾಗ, ಮಗುವು ತನ್ನ ದಾಲ್ಚಿನ್ನಿಯ ಬನ್ನನ್ನು ಎರಡಾಗಿ ಮುರಿದು, ದೊಡ್ಡ ಭಾಗವನ್ನು ಅಜ್ಜಿಯ ಮುಂದೆ ಹಿಡಿದಳು.

"ಇದರಾಗ ತತ್ತಿ ಇರತದೇನು?" ಎಂದು ಆಕೆ ಸೊಸೆಯನ್ನು ಕೇಳಿದರು.

"ಮ್ಯಾಲೆ ಹಚ್ಚಿರತಾರ್ರೀ, ಅತ್ತ್ಯಾರ," ಎಂದು ಸೊಸೆ ಹೇಳಿದಳು.

ಅಜ್ಜಿಯು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಜೀವಮಾನವೆಲ್ಲ ನಡೆಸಿಕೊಂಡು ಬಂದ ನೇಮವನ್ನು ಎಪ್ಪತ್ತರ ವಯಸ್ಸಿನಲ್ಲಿ ಮುರಿಯೆಂದು ಯಾರು ತಾನೆ ಹೇಳಲಾದೀತು? ಆದರೆ ಏಳು ವರ್ಷದ ಮಗುವಿಗೆ ನೇಮವು ಕಾಣಿಸುವುದಿಲ್ಲ, ಹಿಂದಕ್ಕೆ ಸರಿದ ಕೈ ಕಾಣಿಸುತ್ತದೆ. ತಾಯಿಯು ಎಷ್ಟು ಬಿಡಿಸಿ ಹೇಳಿದರೂ, 'ನಾನು ಕೊಟ್ಟದ್ದನ್ನು ಅಜ್ಜಿ ತಿನ್ನುವುದಿಲ್ಲ' ಎಂಬಷ್ಟೇ ಅರ್ಥವು ಆ ಚಿಕ್ಕ ತಲೆಯಲ್ಲಿ ಉಳಿಯಿತು. ಮುಂದಿನ ಮೂರು ವಾರ ಆಕೆ ಅಜ್ಜಿಯ ಮುಂದೆ ಏನನ್ನೂ ಹಿಡಿಯಲಿಲ್ಲ. ಅಜ್ಜಿಗೂ ಇದು ತಿಳಿಯದೆ ಇರಲಿಲ್ಲ. ಮಾತು ಇದ್ದಿದ್ದರೆ ಒಂದು ಕಥೆ ಹೇಳಿ ರಮಿಸಬಹುದಾಗಿತ್ತು; ಮಾತೇ ಇಲ್ಲವಲ್ಲ! ಹಿಂದಿರುಗುವ ದಿನವು ಹತ್ತಿರವಾಗುತ್ತಿತ್ತು. ಈ ಮಗುವಿನ ಮನಸ್ಸಿನಲ್ಲಿ ತಾನು ಎಂತಹ ಅಜ್ಜಿಯಾಗಿ ಉಳಿದೇನೆಂಬ ಚಿಂತೆಯು ಆ ವೃದ್ಧೆಯನ್ನು ರಾತ್ರಿಗಳಲ್ಲಿ ಬಾಧಿಸುತ್ತಿತ್ತೆಂದು ಅವರು ಮುಂದೆ ಊರಿನಲ್ಲಿ ನೆರೆಯವರೊಡನೆ ಹೇಳಿಕೊಂಡರು.

ಅಕ್ಟೋಬರ್ 4ನೆಯ ದಿನವು ಆ ವರ್ಷ ಶುಕ್ರವಾರದಂದು, ನವರಾತ್ರಿಯ ಎರಡನೆಯ ದಿನ ಬಂದಿತು. ಸೊಸೆಯು ಕಚೇರಿಯಿಂದ ಎರಡು ಗಂಟೆ ಮುಂಚಿತವಾಗಿ ಬಂದು ಹಿಟ್ಟನ್ನು ಹೊರಕ್ಕೆ ತೆಗೆದಳು. ಮೊಟ್ಟೆಯ ಬದಲಿಗೆ ಹಾಲನ್ನು ಸವರಿದರೆ ಹೊಳಪು ಸ್ವಲ್ಪ ಕಡಮೆಯಾದೀತು, ಬೇರೆ ಕೊರತೆಯೇನೂ ಆಗದು ಎಂಬುದು ಅವಳಿಗೆ ಹೊಳೆದಿತ್ತು. ಪಾತ್ರೆಗಳು ಪ್ರತ್ಯೇಕ, ಬೆಣ್ಣೆ ಹಾಲು ಹಿಟ್ಟುಗಳಲ್ಲಿ ಆಕ್ಷೇಪಣೆಯಿಲ್ಲ. ಹುದುಗಿನ ವಿಷಯದಲ್ಲಿ ಅಜ್ಜಿಯವರೇ ತೀರ್ಪು ಕೊಟ್ಟರು: ಇಡ್ಲಿಯ ಹಿಟ್ಟೂ ಜಿಲೇಬಿಯ ಹಿಟ್ಟೂ ಹುದುಗಿಯೇ ಏಳುತ್ತವೆ, ಆದಕಾರಣ ದೇವರ ನೈವೇದ್ಯಕ್ಕೆ ಇದು ಬೇಡ, ಮನೆಯವರಿಗೆ ಸಲ್ಲುತ್ತದೆ. ಊರಿನಿಂದ ತಂದಿದ್ದ ಏಲಕ್ಕಿಯ ಸಣ್ಣ ಚೀಲವನ್ನು ತಾವೇ ಬಿಚ್ಚಿ ಕೊಟ್ಟರು. ಏಲಕ್ಕಿಯ ಹಾರಗಳಿಗೆ ಹೆಸರಾದ ಊರಿನವರಿಗೆ ಆ ಕಾಯಿಯ ಮೇಲೆ ಒಂದು ಬಗೆಯ ಹಕ್ಕು ಇರುವುದು ಸಹಜವೇ. ಮಗನು ಕಾಯಿಗಳನ್ನು ಸುಲಿದು ಕಲ್ಲಿನಲ್ಲಿ ಕುಟ್ಟಿದನು.

ಕಣಕವನ್ನು ಲಟ್ಟಿಸಿ, ಬೆಣ್ಣೆ ಸವರಿ, ಸುತ್ತುವುದನ್ನು ಅಜ್ಜಿಯು ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಸುರುಳಿಯ ಮೊದಲ ಬಿಲ್ಲೆಯನ್ನು ಕೊಯ್ದಾಗ, ಒಳಗಿನ ಕಂದು ಬಣ್ಣದ ಸುತ್ತುಗಳನ್ನು ಕಂಡು ಅವರ ಮುಖವು ಅರಳಿತು.

"ಅಯ್ಯ, ಇದು ನಮ್ಮ ಚಿರೋಟಿನ ಬಿಡವಾ! ನಾವು ಕರೀತೇವಿ, ಇವರು ಸುಡತಾರ, ಅಷ್ಟ."

ಅವರ ಮಾತು ನಿಜವೇ. ಚಿರೋಟಿಯಲ್ಲಿಯೂ ತೆಳುವಾಗಿ ಲಟ್ಟಿಸಿದ ಹಾಳೆಗಳಿಗೆ ತುಪ್ಪ ಮತ್ತು ಅಕ್ಕಿಯ ಹಿಟ್ಟುಗಳನ್ನು ಸವರಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ, ತುಂಡುಮಾಡಿ, ಸುತ್ತುಗಳು ಕಾಣುವಂತೆ ಒತ್ತಿ ಕರಿಯುತ್ತಾರೆ. ಎರಡು ಭೂಖಂಡಗಳ ಕೈಗಳು ಒಂದನ್ನೊಂದು ಕಾಣದೆಯೇ ಒಂದೇ ಉಪಾಯವನ್ನು ಕಂಡುಕೊಂಡಿವೆ. ಅಜ್ಜಿಯು ಎದ್ದು ಬಂದರು. ಚಾಕುವಿನ ಒತ್ತಡಕ್ಕೆ ಸುರುಳಿಯು ಚಪ್ಪಟೆಯಾಗುತ್ತಿರುವುದನ್ನು ನೋಡಿ, ಹೂವು ಕಟ್ಟುವುದಕ್ಕೆ ಇಟ್ಟುಕೊಂಡಿದ್ದ ಬಿಳಿಯ ದಾರವನ್ನು ತರಿಸಿ, ಸುರುಳಿಯ ಕೆಳಗೆ ಹಾಯಿಸಿ, ಎರಡು ತುದಿಗಳನ್ನು ಅಡ್ಡಹಾಯಿಸಿ ಎಳೆದರು. ಬಿಲ್ಲೆಯು ಗುಂಡಗೆ ಬಿದ್ದಿತು. ಮಗುವು ಚಪ್ಪಾಳೆ ತಟ್ಟಿ, ದಾರಕ್ಕೆ ಕೈ ಚಾಚಿದಳು. ಅಜ್ಜಿಯು ದಾರದ ಒಂದು ತುದಿಯನ್ನು ಆಕೆಯ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದರು. ಉಳಿದ ಹದಿನೆಂಟು ಬಿಲ್ಲೆಗಳನ್ನು ಇಬ್ಬರೂ ಕೂಡಿಯೇ ಕತ್ತರಿಸಿದರು. ಈ ಕೆಲಸಕ್ಕೆ ಭಾಷೆಯು ಬೇಕಾಗಲಿಲ್ಲ. ಹಾಲನ್ನು ಸವರಿ ಸಕ್ಕರೆಯ ಹರಳನ್ನು ಉದುರಿಸಿದವಳು ಮಗು. ಹೊರಗೆ ಕತ್ತಲೆ ಇಳಿಯುವ ಹೊತ್ತಿಗೆ ಮನೆಯು ಪರಿಮಳದಿಂದ ತುಂಬಿತ್ತು. ಮಗುವು ಒಂದು ಬನ್ನನ್ನು ಎತ್ತಿಕೊಂಡು, ಮುರಿಯದೆ, ಇಡಿಯಾಗಿಯೇ ಅಜ್ಜಿಯ ಮುಂದೆ ಹಿಡಿದಳು. ಅವರು ಅದನ್ನು ಅಲ್ಲಿಯೇ ನಿಂತು ತಿಂದರು. ಕೆಳಗಿನ ಅಂತಸ್ತಿನಲ್ಲಿ ಒಬ್ಬಂಟಿಯಾಗಿದ್ದ ಮುದುಕಿಯೊಬ್ಬರಿಗೆ ನಾಲ್ಕು ಬನ್ನುಗಳು ತಟ್ಟೆಯಲ್ಲಿ ಹೋದವು. ಆ ತಟ್ಟೆಯು ಮರುದಿನ ಸೇಬುಹಣ್ಣುಗಳನ್ನು ತುಂಬಿಕೊಂಡು ಹಿಂದಿರುಗಿತು. ಬರಿಯ ತಟ್ಟೆಯನ್ನು ಹಿಂದಕ್ಕೆ ಕೊಡಬಾರದೆಂಬ ಪಾಠವನ್ನು ಆ ಊರಿನಲ್ಲಿಯೂ ಯಾರೋ ಕಲಿಸಿದ್ದರು.

ಇಷ್ಟನ್ನು ಕೇಳಿ, ಹಾಗಾದರೆ ಎಲ್ಲವನ್ನೂ ಮನೆಯಲ್ಲಿಯೇ ಮಾಡತಕ್ಕದ್ದು, ಅಂಗಡಿಯ ತಿಂಡಿಯನ್ನು ತ್ಯಜಿಸತಕ್ಕದ್ದು ಎಂದು ಯಾರಾದರೂ ತೀರ್ಮಾನಿಸಿದರೆ ಅದು ಅವಿವೇಕ. ಮೂರು ಗಂಟೆಯ ಕಾಲ ಸೊಸೆಯು ನಿಂತೇ ಇದ್ದಳು. ಅಡಿಗೆಯ ಮನೆಯ ತುಂಬ ಹಿಟ್ಟು ಚೆಲ್ಲಿತ್ತು. ಪಾತ್ರೆಗಳನ್ನು ಮಗನು ತೊಳೆದುದರಿಂದ ಅವಳಿಗೆ ಕೂರುವ ಅವಕಾಶ ದೊರೆಯಿತು. ಇದೇ ಶ್ರಮವನ್ನು ದಿನದಿನವೂ ಒಬ್ಬಳ ತಲೆಯ ಮೇಲೆ ಹೊರಿಸಿದರೆ ದಾಲ್ಚಿನ್ನಿಯ ಪರಿಮಳವೂ ಕಹಿಯಾದೀತು. ಆ ಅಜ್ಜಿಯೇ ನಲ್ವತ್ತು ವರ್ಷ ಬೀಸುವ ಕಲ್ಲನ್ನು ತಿರುವಿದವರು. ವಿದ್ಯುತ್ತಿನ ಯಂತ್ರವು ಮನೆಗೆ ಬಂದ ದಿನ ಕಲ್ಲನ್ನು ಹಿತ್ತಿಲಿಗೆ ಸಾಗಿಸಿದವರೂ ಅವರೇ. ಹಳೆಯ ಕಷ್ಟವನ್ನು ಹೊಗಳುವವರು ಸಾಮಾನ್ಯವಾಗಿ ಅದನ್ನು ಪಟ್ಟವರಲ್ಲ.

ಹಾಗಿದ್ದರೆ ಕೈಯಿಂದ ಮಾಡಿ ಉಳಿಸಿಕೊಳ್ಳಬೇಕಾದುದು ಯಾವುದು? ರುಚಿಯ ಮಾತನ್ನೇ ತೆಗೆದುಕೊಂಡರೆ, ನುರಿತ ಬೇಕರಿಯವನ ಬನ್ನು ಮನೆಯ ಬನ್ನಿಗಿಂತ ಹಲವು ವೇಳೆ ಮೇಲಾಗಿರುತ್ತದೆ. ಅವನ ಒಲೆ ದೊಡ್ಡದು, ಅವನ ಕೈ ಪಳಗಿದ್ದು. ಖರ್ಚಿನ ಲೆಕ್ಕದಲ್ಲಿಯೂ ಮನೆಯು ಯಾವಾಗಲೂ ಗೆಲ್ಲುವುದಿಲ್ಲ. ಆದರೆ ಅಂಗಡಿಯು ಎಲ್ಲರಿಗಾಗಿ ಮಾಡುತ್ತದೆ. ಸಾವಿರ ಬನ್ನುಗಳಲ್ಲಿ ಹೊಳಪು ಒಂದೇ ಸಮನಾಗಿರಬೇಕು. ಹಾವೇರಿಯಿಂದ ಬಂದ ಒಬ್ಬ ವೃದ್ಧೆಗಾಗಿ ಮೊಟ್ಟೆಯನ್ನು ಬಿಟ್ಟು ಹಾಲನ್ನು ಸವರುವುದು ಅದರ ಕೆಲಸವಲ್ಲ, ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಮನೆಯ ಕೈಯಾದರೋ ಒಬ್ಬರ ಸಲುವಾಗಿ ಕ್ರಮವನ್ನು ಬದಲಾಯಿಸಬಲ್ಲುದು. ಒಂದು ಚಮಚ ಹಾಲಿಗೆ ಬೆಲೆಯೆಷ್ಟು? ಆದರೆ ಅದನ್ನು ಸವರಲು ಯಾರೋ ಒಬ್ಬರು ಇನ್ನೊಬ್ಬರ ನೇಮವನ್ನೂ ಸಂಕೋಚವನ್ನೂ ಮೂರು ವಾರ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕಾಗುತ್ತದೆ. ಮನೆಯ ತಿಂಡಿಯ ಹೆಚ್ಚಳವೆಲ್ಲ ಅದರಲ್ಲಿದೆ.

ಕನ್ನಡದ ಮನೆಗಳು ಈ ವಿದ್ಯೆಯನ್ನು ಹೊರಗಿನಿಂದ ಕಲಿಯಬೇಕಾಗಿಲ್ಲ. ಸಕ್ಕರೆಯ ಕಾಯಿಲೆಯುಳ್ಳ ಅಜ್ಜನಿಗೆ ಹೋಳಿಗೆಯ ಲಟ್ಟಣಿಗೆಯ ಕೆಳಗೆ ಒಂದು ಪುಟ್ಟ ಹೋಳಿಗೆ ಬೇರೆಯಾಗಿಯೇ ಆಗುತ್ತದೆ. ಏಲಕ್ಕಿಯ ಸಿಪ್ಪೆ ಬಾಯಿಗೆ ಸಿಕ್ಕಿದರೆ ಅಳುವ ಮಗುವಿಗೆ ಪಾಯಸವನ್ನು ಸೋಸಿ ಕೊಡುತ್ತಾರೆ. ಖಾರ ತಿನ್ನಲಾರದ ನೆಂಟರ ಸಲುವಾಗಿ ಮೊದಲ ಐದು ಕೋಡುಬಳೆಗಳು ಮೆಣಸಿನಪುಡಿ ಬೀಳುವ ಮುಂಚೆಯೇ ಎಣ್ಣೆಗೆ ಇಳಿಯುತ್ತವೆ. ಯಾರೂ ಇದನ್ನು ಬರೆದಿಡುವುದಿಲ್ಲ, ಯಾರೂ ಇದಕ್ಕೆ ಧನ್ಯವಾದವನ್ನು ಹೇಳುವುದಿಲ್ಲ. ತಿಂದವರಿಗೆ ಗೊತ್ತಿರುತ್ತದೆ, ಮಾಡಿದವರಿಗೆ ಗೊತ್ತಿರುತ್ತದೆ. ಮನೆಗೆ ಹೊಸದಾಗಿ ಬಂದ ಸೊಸೆಗೋ ಅಳಿಯನಿಗೋ, 'ಇಲ್ಲಿ ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ' ಎಂಬ ಸಮಾಧಾನವು ಇಂತಹ ಬಟ್ಟಲುಗಳಿಂದಲೇ ಬರುವುದುಂಟು.

ಕೆಲಸದ ಒತ್ತಡವು ಹೆಚ್ಚಾಗಿರುವ ಈ ಕಾಲದಲ್ಲಿ ದಿನದ ಅಡಿಗೆಯ ಬಹುಭಾಗವು ಯಂತ್ರಗಳಿಗೂ ಅಂಗಡಿಗಳಿಗೂ ಸೇರಿಹೋದರೆ ಅಳುವ ಕಾರಣವಿಲ್ಲ. ವರ್ಷದಲ್ಲಿ ಕೆಲವು ದಿನಗಳನ್ನಾದರೂ, ಮಗುವಿನ ಹುಟ್ಟಿದ ಹಬ್ಬವನ್ನೋ, ದೂರದಿಂದ ಬಂದವರ ಮೊದಲ ಸಂಜೆಯನ್ನ್ನೋ, ಹೊರಡುವವರ ಕೊನೆಯ ಬೆಳಗನ್ನೋ ಕೈಯಲ್ಲಿ ಇಟ್ಟುಕೊಂಡರೆ ಸಾಕು. ಆ ದಿನ ಮಾಡುವುದು ದೊಡ್ಡ ಭಕ್ಷ್ಯವಾಗಬೇಕೆಂಬುದೂ ಇಲ್ಲ. ಹಿಟ್ಟು, ಬೆಣ್ಣೆ, ಒಂದು ಚಿಟಿಕೆ ತೊಗಟೆಯ ಪುಡಿ ಸಾಲುತ್ತದೆ. ಮನೆಯವರಲ್ಲಿ ಕೈಬಿಡುವುಳ್ಳವರೆಲ್ಲರೂ, ಗಂಡಸರೂ ಮಕ್ಕಳೂ, ಅದರಲ್ಲಿ ಒಂದೊಂದು ಕೆಲಸವನ್ನು ಹಂಚಿಕೊಳ್ಳಲಿ. ಇದು ಯಾರಿಗಾಗಿ ಎಂಬುದನ್ನು ಒಲೆ ಹೊತ್ತಿಸುವ ಮೊದಲೇ ಗೊತ್ತುಮಾಡಿಕೊಳ್ಳಲಿ. ಅಷ್ಟಾದರೆ ಸುರುಳಿಯು ಸ್ವಲ್ಪ ಸೊಟ್ಟಗಾದರೂ, ತಳವು ಒಂದಿಷ್ಟು ಸೀದರೂ, ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ.